ಪುರಿಯಲ್ಲಿ ತಾವಾಗಿಯೇ ಬಂದು ಮಾತಾಡಿಸುವವರು

ಕೋಣಾರ್ಕ್ ಎಕ್ಸ್‌ಪ್ರೆಸ್ ನಮ್ಮ ಕಲಬುರಗಿ, ವಾಡಿ ಮೇಲೆಯೇ ಹಾದು ಹೋಗುವುದರಿಂದಲೋ ಏನೋ, ಈ ಕಡೆಯವರಿಗೆ ಕಾಶಿ ಬಿಟ್ಟರೆ ಪುರಿಯ ಮೇಲೆ ಆಸೆ ಜಾಸ್ತಿ. ಈ ಸಲ ಬಂದ ಪತ್ರಗಳಲ್ಲಿ ಅದರದ್ದೇ ಸುದ್ದಿ. ಉಳಿದ ಊರುಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅತ್ತೆ, ಮಾವ, ಮಕ್ಕಳ ಜೊತೆ ಪುರಿಗೆ ಹೊರಟಿದ್ದೇವೆ. ಹೋಗಿ ಬಂದ ಪಕ್ಕದ ಮನೆಯವರು ಪಂಡಾಗಳ (ಅಲ್ಲಿನ ತೀರ್ಥ ಪುರೋಹಿತರ) ಕಾಟ ಅಂತ ಹೆದರಿಸಿದ್ದಾರೆ. ನಮ್ಮ ಅತ್ತೆಗೆ ದೇವರ ಹೆಸರಲ್ಲಿ ಯಾರು ಏನು ಕೇಳಿದರೂ ಇಲ್ಲ ಅನ್ನೋಕೆ ಬರಲ್ಲ. ಏನು ಮಾಡೋದು?
– ಓದುಗರೊಬ್ಬರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ಅಕ್ಕಾ, ಪಕ್ಕದ ಮನೆಯವರು ಹೇಳಿದ್ದು ಸುಳ್ಳಲ್ಲ. ಹಾಗಂತ ಹೆದರಿ ಯಾತ್ರೆ ಬಿಡುವಂಥದ್ದೂ ಏನಿಲ್ಲ. ಹೊರಡುವ ಮುಂಚೆ ಮನೆಯವರಿಗೆಲ್ಲ ಒಂದು ಮಾತು ಹೇಳಿಬಿಡಿ: ಸಾಲಿನಲ್ಲಿ ನಿಂತು ಜಗನ್ನಾಥನ ದರ್ಶನ ಮಾಡೋಕೆ ಒಂದು ಪೈಸೆಯೂ ಕೊಡಬೇಕಿಲ್ಲ. ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿ, ಕೈಮುಗಿದು ಬರುವ ನಮಗೆ ಇದನ್ನು ಹೇಳಬೇಕಾ ಅನಿಸುತ್ತೆ. ಗುಡಿಯ ಮುಖ್ಯ ಬಾಗಿಲಾದ ಸಿಂಹದ್ವಾರದ ಮುಂದೆ ನಿಂತಾಗ ಗೊತ್ತಾಗುತ್ತೆ, ಹೇಳಬೇಕು.

ಆ ಬಾಗಿಲ ಮುಂದಿನ ಕಂಬ, ಅರುಣ ಸ್ತಂಭದ ಹತ್ತಿರ ನೀವಿನ್ನೂ ಚಪ್ಪಲಿ ಎಲ್ಲಿ ಬಿಡೋದು ಅಂತ ನೋಡುತ್ತಿರುವಾಗಲೇ ಒಬ್ಬರು ಬಂದು ಎಲ್ಲಿಂದ ಬಂದಿರಿ ಅಂತ ಹಿಂದಿಯಲ್ಲಿ ಕೇಳುತ್ತಾರೆ. ಕರ್ನಾಟಕ ಅಂದರೆ ಯಾವ ಜಿಲ್ಲೆ ಅನ್ನುತ್ತಾರೆ. ಗುಲ್ಬರ್ಗಾ ಅಂದ್ರಿ ಅಂತಿಟ್ಟುಕೊಳ್ಳಿ, ಅರೆ ಆ ಕಡೆಯವರೆಲ್ಲ ನಮ್ಮ ಯಜಮಾನರೇ, ನಿಮ್ಮೂರಿನವರ ಹೆಸರು ನಮ್ಮ ಬಹಿಯಲ್ಲಿದೆ ಬನ್ನಿ ಅಂತ ನಡೆದೇ ಬಿಡುತ್ತಾರೆ, ಅತ್ತೆ ಹಿಂದೆಯೇ ಹೊರಡುತ್ತಾರೆ. ಬಹಿ ಅನ್ನೋದು ಪೂರ್ತಿ ಕಟ್ಟುಕಥೆ ಅಲ್ಲ. ಪಂಡಾ ಮನೆತನಗಳು ಸೀಮೆವಾರು ಯಾತ್ರಿಕರನ್ನು ಹಂಚಿಕೊಂಡು, ಬಂದವರ ಹೆಸರು ಬರೆದಿಡುವ ಪದ್ಧತಿ ಹಳೆಯದು. ನಿಮ್ಮ ಬಳಗದವರಿಗೆ ಮೊದಲಿನಿಂದ ಗೊತ್ತಿರುವ ಪಂಡಾ ಇದ್ದರೆ ಅವರಿಗೇ ಫೋನ್ ಮಾಡಿ, ಏನೇನು ಮಾಡಿಸುತ್ತೀರಿ, ಎಷ್ಟು ಕೊಡಬೇಕು ಅಂತ ಇಲ್ಲಿಂದಲೇ ಕೇಳಿಕೊಂಡು ಹೋಗಿ. ವಯಸ್ಸಾದವರು ಜೊತೆಗಿದ್ದರೆ ಅಂಥವರಿಂದ ನಿಜಕ್ಕೂ ಅನುಕೂಲ ಇದೆ. ಇಲ್ಲವಾದರೆ ದಾರಿಯಲ್ಲಿ ಕೇಳಿದವರಿಗೆಲ್ಲ ಊರ ಹೆಸರು ಹೇಳೋಕೆ ಹೋಗಬೇಡಿ.

ದುಡ್ಡು ಹೋಗುವ ಜಾಗ ಒಳಗಿದೆ. ಯಾವುದೋ ಸಣ್ಣ ಗುಡಿಯ ಕಟ್ಟೆ ಮೇಲೆ ಕೂರಿಸುತ್ತಾರೆ. ಅಂಗೈಯಲ್ಲಿ ನೀರು, ಹೂವು, ಅಕ್ಷತೆ. ಗೋತ್ರ ಕೇಳುತ್ತಾರೆ, ಗೊತ್ತಿಲ್ಲ ಅಂದರೆ ತಾವೇ ಒಂದು ಕೊಡುತ್ತಾರೆ! ಮಕ್ಕಳ ಹೆಸರು ಕೇಳಿ ಮಂತ್ರ ಹೇಳಿಸುತ್ತಾರೆ. ಆ ಮಂತ್ರದ ನಡುವೆಯೇ ಇಷ್ಟು ಜನ ಬ್ರಾಹ್ಮಣರ ಭೋಜನಕ್ಕೆ ಇಷ್ಟು ಕೊಡುತ್ತೇನೆ ಅಂತ ಒಂದು ಸಾಲು ಸೇರಿಸಿ, ಅದನ್ನೂ ನಿಮ್ಮ ಬಾಯಿಂದಲೇ ಹೇಳಿಸುತ್ತಾರೆ. ಕೈಯಲ್ಲಿ ನೀರು ಹಿಡಿದು ಆಡಿದ ಮಾತು ಅಲ್ವಾ, ಅತ್ತೆಯಂಥವರು ಹಿಂದೆ ಸರಿಯೋದು ಹೇಗೆ? ಅದಕ್ಕೇ ಕೂರೋಕೆ ಮುಂಚೆಯೇ ನಿಲ್ಲಿಸಬೇಕು. ‘ಸಂಕಲ್ಪ ನಹೀ ಕರನಾ’ ಅಂತ ನಿಂತಲ್ಲೇ ಹೇಳಿ, ನಡೆಯುತ್ತಾ ಇರಿ. ಹಿಂದಿ ನಮಗೆ ಕಷ್ಟವೇ? ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಚೌಕಾಸಿ ಮಾಡುವ ಗಂಟಲಲ್ಲೇ ಹೇಳಿ. ಇನ್ನು ಕೆಲವರು ಬೆತ್ತದಿಂದ ತಲೆಗೆ ಮೆಲ್ಲಗೆ ತಟ್ಟಿ ಕೈ ಚಾಚುತ್ತಾರೆ. ತಟ್ಟಿಸಿಕೊಂಡಿದ್ದಕ್ಕೆ ಬಾಡಿಗೆ ಇಲ್ಲ.

ಕೊಡದಿದ್ದರೆ ಯಾತ್ರೆಯ ಫಲ ಸಿಗಲ್ಲ ಅಂತ ಅಂದರೆ ಅತ್ತೆಗೆ ಇದನ್ನು ಹೇಳಿ: ಈ ಗುಡಿಯಲ್ಲಿ ಭಕ್ತರಿಗೆ ಆಗುವ ಕಿರುಕುಳದ ವಿಷಯ 2018ರಲ್ಲಿ ಸುಪ್ರೀಂ ಕೋರ್ಟಿಗೇ ಹೋಗಿತ್ತು. ಕಾಣಿಕೆ ಹುಂಡಿಗೆ ಬೀಳಬೇಕು, ಸೇವಕರು ತಟ್ಟೆ ಇಟ್ಟುಕೊಂಡು ನೇರವಾಗಿ ವಸೂಲಿ ಮಾಡಬಾರದು ಅಂತ ಕೋರ್ಟು ಹೇಳಿದೆ. ಹುಂಡಿಗೆ ಹಾಕಿದರೆ ಜಗನ್ನಾಥನಿಗೆ ಮುಟ್ಟುತ್ತೆ. ದೊಡ್ಡ ಮೊತ್ತ ಕೊಡುವ ಮನಸ್ಸಿದ್ದರೆ ದೇವಸ್ಥಾನದ ಕೌಂಟರ್‌ನಲ್ಲಿ ಕೊಟ್ಟು ರಸೀದಿ ತಗೊಳ್ಳಿ. ಅತ್ತೆಯವರ ಸೆರಗಿನ ಗಂಟಿಗೆ ಹತ್ತರ, ಇಪ್ಪತ್ತರ ನೋಟು ನೀವೇ ಕಟ್ಟಿಕೊಡಿ, ಅವರು ಯಾರಿಗೆ ಬೇಕೋ ಹಂಚಲಿ, ಅದು ಅವರ ಖುಷಿ. ಉಳಿದ ದುಡ್ಡು ಮಾತ್ರ ನಿಮ್ಮ ಹತ್ತಿರ ಇರಲಿ.

ಮೊಬೈಲ್, ಚರ್ಮದ ಬೆಲ್ಟು, ಪರ್ಸ್ ಒಳಗೆ ಬಿಡಲ್ಲ. ಹೋಟೆಲ್‌ನಲ್ಲೇ ಬಿಟ್ಟು ಬನ್ನಿ. ಬಿಡೋಕೆ ಆಗದಿದ್ದರೆ ದೇವಸ್ಥಾನದವರ ಕೌಂಟರ್ ಯಾವುದು ಅಂತ ಪೊಲೀಸರನ್ನು ಕೇಳಿ, ಟೋಕನ್ ತಗೊಂಡೇ ಇಡಿ. ‘ಇಲ್ಲಿ ಕೊಡಿ, ನಾನು ನೋಡ್ಕೋತೀನಿ’ ಅನ್ನುವ ಪುಣ್ಯಾತ್ಮರ ಕೈಗೆ ಬೇಡ.

ಮಹಾಪ್ರಸಾದ ಬಿಟ್ಟು ಬರಬೇಡಿ. ಮಣ್ಣಿನ ಮಡಕೆಯಲ್ಲಿ, ಕಟ್ಟಿಗೆ ಒಲೆ ಮೇಲೆ ಬೆಂದ ಅನ್ನ, ಬೇಳೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲ. ರೊಟ್ಟಿ ಇಲ್ಲದೆ ಊಟವೇ ಅಲ್ಲ ಅನ್ನುವ ಮಾವನವರೂ ತಿನ್ನುತ್ತಾರೆ ನೋಡಿ. ಗುಡಿಯ ಆವರಣದಲ್ಲೇ ಇರುವ ಆನಂದ ಬಜಾರ್‌ನಲ್ಲಿ ನೀವೇ ಹೋಗಿ, ನಾಲ್ಕು ಕಡೆ ರೇಟ್ ಕೇಳಿ ಕೊಂಡರೆ, ಹೋಟೆಲ್ ರೂಮಿಗೆ ತಂದುಕೊಡುತ್ತೇವೆ ಅನ್ನುವವರ ರೇಟಿಗೂ ಅಲ್ಲಿನದಕ್ಕೂ ಎಷ್ಟು ಅಂತರ ಅಂತ ಗೊತ್ತಾಗುತ್ತೆ. ಮಡಕೆ ಕೈಗೆ ತಗೊಳ್ಳುವ ಮುಂಚೆ ರೇಟ್ ಕೇಳಿ, ತಗೊಂಡ ಮೇಲೆ ಅಲ್ಲ.

ಪ್ರಶ್ನೆ: ಬೀಚ್ ಹತ್ತಿರದ ಒಂದು ಹೋಟೆಲ್‌ಗೆ ನೆಟ್‌ನಲ್ಲಿ ಸಿಕ್ಕ ನಂಬರಿನಿಂದ ರೂಮ್ ಬುಕ್ ಮಾಡಿ ಅಡ್ವಾನ್ಸ್ ಕಳಿಸಿದೆ. ಈಗ ಜಿಎಸ್‌ಟಿ ಕಟ್ಟಬೇಕು, ಆಮೇಲೆ ವಾಪಸ್ ಬರುತ್ತೆ ಅಂತ ಮತ್ತೆ ಕೇಳುತ್ತಿದ್ದಾರೆ. ಹೋಟೆಲ್‌ನವರ ಬೇರೆ ನಂಬರಿಗೆ ಮಾಡಿದರೆ ನನ್ನ ಹೆಸರಲ್ಲಿ ಬುಕಿಂಗೇ ಇಲ್ವಂತೆ.
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ತಮ್ಮಾ, ಈ ಉತ್ತರ ಪ್ರಿಂಟ್ ಆಗಿ ಬರುವಷ್ಟರಲ್ಲಿ ತಡ ಆಗುತ್ತೆ ಅಂತ ನಿನಗೆ ಅಂದೇ ಫೋನಿನಲ್ಲಿ ಹೇಳಿದ್ದೆ, ಬೇರೆಯವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಬೇರೆ ಏನೂ ಯೋಚನೆ ಮಾಡಬಾರದು. ಯುಪಿಐ ಪಾವತಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ), ಎಷ್ಟು ಗಂಟೆಗೆ ಹೋಯಿತು, ಯಾವ ಖಾತೆಗೆ ಹೋಯಿತು ಅಂತ ಕೊಟ್ಟರೆ, ದುಡ್ಡು ಆ ಕಡೆ ಇನ್ನೂ ಖಾತೆಯಲ್ಲೇ ಇದ್ದಲ್ಲಿ ತಡೆ ಹಿಡಿಯೋಕೆ ಆಗುತ್ತೆ. ಆದಷ್ಟು ಬೇಗ ಮಾಡಬೇಕು, ಏಕೆಂದರೆ ಅವರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. ಆಮೇಲೆ ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು, ಅದರ ಪ್ರತಿ ಹಿಡಿದು, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ. ಮೆಸೇಜ್‌ಗಳನ್ನು ಅಳಿಸಬೇಡಿ.

‘ವಾಪಸ್ ಬರುತ್ತೆ’ ಅಂತ ಹೇಳಿ ಮತ್ತೆ ಕಳಿಸಿ ಅಂದರೆ ಅಲ್ಲಿಗೆ ಗೊತ್ತಾಗಿಬಿಡಬೇಕು. ಪಿನ್ ಒತ್ತೋದು ದುಡ್ಡು ಕಳಿಸೋಕೆ, ಪಡೆಯೋಕೆ ಯಾರೂ ಪಿನ್ ಕೇಳಲ್ಲ. ಇನ್ನೊಂದು, ಪಿನ್ ಒತ್ತುವ ಮುಂಚೆ ಪರದೆ ಮೇಲೆ ಹೆಸರು ಬರುತ್ತೆ ನೋಡಿ. ದೊಡ್ಡ ಹೋಟೆಲ್ ಅಂತ ಹೇಳಿ ಯಾವನೋ ಒಬ್ಬನ ಸ್ವಂತ ಹೆಸರು ಬಂದರೆ ಅಲ್ಲೇ ನಿಲ್ಲಿಸಿಬಿಡಿ.

ಯಾತ್ರಾಸ್ಥಳಗಳ ಅತಿಥಿಗೃಹ, ಹೋಟೆಲ್ ಹೆಸರಲ್ಲಿ ನಕಲಿ ವೆಬ್‌ಸೈಟ್ ನಡೆಸುವವರ ಬಗ್ಗೆ ಕೇಂದ್ರ ಗೃಹ ಇಲಾಖೆಯ ಸೈಬರ್ ವಿಭಾಗವೇ ಎಚ್ಚರಿಸಿದೆ. ಪುರಿಯಲ್ಲಿ ದೇವಸ್ಥಾನದ್ದೇ ಭಕ್ತ ನಿವಾಸಗಳಿವೆ, ನೀಲಾದ್ರಿ, ನೀಲಾಚಲ ಅಂತ. ಅವಕ್ಕೆ ದೇವಸ್ಥಾನದ ಅಧಿಕೃತ ಸೈಟಿನಿಂದಲೇ ಹೋಗಿ. ಹುಡುಕಿದಾಗ ಮೇಲೆ ಬರೋದೆಲ್ಲ ಅಸಲಿ ಅಲ್ಲ, ದುಡ್ಡು ಕೊಟ್ಟವರ ಜಾಹೀರಾತೂ ಮೇಲೇ ಬರುತ್ತೆ.

ಪ್ರಶ್ನೆ: ಸಾತಪಾಡಾದಿಂದ ಚಿಲಿಕಾ ಸರೋವರದಲ್ಲಿ ದೋಣಿಯಲ್ಲಿ ಹೋದಾಗ ಮರಳ ದಿಬ್ಬದ ಮೇಲೆ ಒಬ್ಬ ನಮ್ಮ ಕಣ್ಣೆದುರೇ ಚಿಪ್ಪು ಒಡೆದು ಮುತ್ತು ತೆಗೆದ. ಇನ್ನೊಂದು ಒಡೆದಾಗ ಕೆಂಪು ಹವಳ ಬಂತು. ಎರಡೂ ಕೊಂಡು ತಂದೆ. ಮಗ ನಗುತ್ತಾನೆ. ಅಸಲಿಯೋ ನಕಲಿಯೋ ಹೇಗೆ ತಿಳಿಯೋದು?
– ನಿವೃತ್ತ ಶಿಕ್ಷಕರು, ಬೀದರ್

ಉತ್ತರ: ಗುರುಗಳೇ, ಹವಳ ಚಿಪ್ಪಿನಲ್ಲಿ ಹುಟ್ಟಲ್ಲ. ಅದು ಸಮುದ್ರದ ತಳದ ಬಂಡೆಗೆ ಅಂಟಿಕೊಂಡು ಬೆಳೆಯುವ ಜೀವಿಗಳ ಗೂಡು. ಬೀದರ್ ಕೋಟೆಯ ಹತ್ತಿರ ಒಬ್ಬ ನೆಲ ಅಗೆದು, ಮಣ್ಣಿನೊಳಗಿಂದ ಹೊಳೆಯುವ ಬಿದ್ರಿ ಹೂಜಿ ಎತ್ತಿ ಪ್ರವಾಸಿಗನ ಕೈಗಿಟ್ಟರೆ ನೀವು ನಗಲ್ವಾ? ಹಾಗೇ ಇದು. ಹವಳದ ವಿಷಯ ಅಲ್ಲಿಗೆ ಮುಗಿಯಿತು.

ಮುತ್ತು ಚಿಪ್ಪಿನಲ್ಲೇ ಹುಟ್ಟೋದು ನಿಜ, ಅದಕ್ಕೇ ಈ ಆಟ ನಡೆಯೋದು. ಆದರೆ ತಾನಾಗಿಯೇ ಮುತ್ತು ಕಟ್ಟಿದ ಚಿಪ್ಪು ಸಿಗೋದು ಬಹಳ ಅಪರೂಪ. ದೋಣಿ ಬಂದಾಗಲೆಲ್ಲ ಬುಟ್ಟಿಯಿಂದ ಎತ್ತಿದ ಎರಡನೆಯದೋ ಮೂರನೆಯದೋ ಚಿಪ್ಪಿನಲ್ಲಿ ಮುತ್ತು ಬರುತ್ತಿದ್ದರೆ ಅವನು ಮರಳ ಮೇಲೆ ಕೂತು ಯಾಕೆ ಮಾರುತ್ತಿದ್ದ ಹೇಳಿ? ಮೊದಲೇ ಒಳಗೆ ಸೇರಿಸಿಟ್ಟ ಅಥವಾ ಒಡೆಯುವಾಗ ಬೆರಳ ಸಂದಿಯಿಂದ ಜಾರಿಸಿದ ಮಣಿ ಅದು. ಮುಂದಿನ ಅಕ್ಕನಿಗೂ, ಹಿಂದಿನ ಅಣ್ಣನಿಗೂ ಅದೇ ಬಂದಿರುತ್ತೆ.

ಮನೆಯಲ್ಲೇ ನೋಡಬೇಕು ಅಂದರೆ ಮುತ್ತನ್ನು ಮುಂದಿನ ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿ. ಪ್ಲಾಸ್ಟಿಕ್, ಗಾಜು ನುಣ್ಣಗೆ ಜಾರುತ್ತೆ. ಮುತ್ತಾದರೆ ಸಣ್ಣ ಮರಳಿನಂತೆ ತರಿತರಿ ಅನಿಸುತ್ತೆ. ತರಿ ಇದ್ದ ಮಾತ್ರಕ್ಕೆ ಬೆಲೆ ಇದೆ ಅಂತಲೂ ಅಲ್ಲ, ಸಾಕಿದ ಸಿಹಿನೀರಿನ ಮುತ್ತೂ ಹಾಗೇ ಇರುತ್ತೆ, ಅದು ಅಗ್ಗಕ್ಕೆ ಸಿಗುತ್ತೆ. ಹೈದರಾಬಾದ್‌ಗೆ ಹೋದಾಗ ಚಾರ್‌ಮಿನಾರ್ ಹತ್ತಿರ ಮುತ್ತಿನ ಅಂಗಡಿಗಳಲ್ಲಿ ತೋರಿಸಿ, ನೋಡಿದ ಕೂಡಲೇ ಹೇಳುತ್ತಾರೆ. ದೋಣಿ ಏರುವ ಮುಂಚೆಯೇ ಡಾಲ್ಫಿನ್ ಎಲ್ಲಿ ತೋರಿಸುತ್ತೀರಿ, ಎಷ್ಟು ಹೊತ್ತು, ಒಟ್ಟು ದೋಣಿಗೆ ಎಷ್ಟು ಅಂತ ಕೇಳಿ, ಚಿಪ್ಪಿನ ದಿಬ್ಬಕ್ಕೆ ನಿಲ್ಲಿಸಬೇಡಿ ಅಂತಲೂ ಹೇಳಬಹುದು. ಅಂದಹಾಗೆ ಅಲ್ಲಿನ ಇರವಾಡಿ ಡಾಲ್ಫಿನ್ ಟಿವಿಯಲ್ಲಿ ತೋರಿಸುವಂತೆ ಎಗರಿ ಕುಣಿಯಲ್ಲ. ಬೆನ್ನು ಒಂದಿಷ್ಟು ಕಂಡು ಮುಳುಗಿಬಿಡುತ್ತೆ. ಕಂಡಿದ್ದು ಅಷ್ಟೇನಾ ಅಂತ ದೋಣಿಯವನ ಜೊತೆ ಜಗಳ ಆಡಬೇಡಿ, ಅದರಲ್ಲಿ ಅವನ ಮೋಸ ಏನೂ ಇಲ್ಲ.

ಪ್ರಶ್ನೆ: ಆಟೋದವರು ಕಡಿಮೆ ರೇಟಿಗೆ ಕೋಣಾರ್ಕ್ ತೋರಿಸುತ್ತೇವೆ ಅನ್ನುತ್ತಾರಂತೆ. ನಂಬಬಹುದಾ? ಅಲ್ಲಿ ಸಂಬಲಪುರಿ ಸೀರೆ ಕೊಳ್ಳುವ ಆಸೆಯೂ ಇದೆ.
– ಓದುಗರೊಬ್ಬರು, ಯಾದಗಿರಿ

ಉತ್ತರ: ಕೋಣಾರ್ಕ್ ಪುರಿಯಿಂದ ಸುಮಾರು 35 ಕಿಲೋಮೀಟರ್. ಹೋಗಿ ಬರುವ ಡೀಸೆಲ್‌ಗೂ ಸಾಲದ ರೇಟ್ ಹೇಳಿದರೆ ಬಾಕಿ ದುಡ್ಡು ಅಂಗಡಿಯವರ ಕಮಿಷನ್‌ನಿಂದ ಬರುತ್ತೆ ಅಂತ ಅರ್ಥ. ದಾರಿಯಲ್ಲಿ ಸೀರೆ ಅಂಗಡಿ, ಗೋಡಂಬಿ ಅಂಗಡಿ ಅಂತ ನಿಲ್ಲಿಸುತ್ತಾ ಹೋದರೆ ಸೂರ್ಯ ದೇವಾಲಯಕ್ಕೆ ಉಳಿಯೋದು ಅರ್ಧ ಗಂಟೆ. ಒಡಿಶಾ ಪ್ರವಾಸೋದ್ಯಮ ನಿಗಮದ ಬಸ್ ಟೂರ್ ಇದೆ, ಚಕ್ರತೀರ್ಥ ರಸ್ತೆಯಲ್ಲಿರುವ ಅವರದೇ ಹೋಟೆಲ್ ಪಂಥನಿವಾಸದಲ್ಲಿ ವಿಚಾರಿಸಿ. ರೈಲ್ವೆ ಸ್ಟೇಷನ್‌ನಲ್ಲಿ ಇಳಿದ ಕೂಡಲೇ ನಿಮ್ಮ ಹೋಟೆಲ್ ಬಂದ್ ಆಗಿದೆ, ಬೇರೆ ಕಡೆ ಕರ್ಕೊಂಡು ಹೋಗ್ತೀನಿ ಅನ್ನುವ ಆಟೋ ಅಣ್ಣನ ಕಥೆಯೂ ಇದೇ ಕಮಿಷನ್ ಕಥೆ. ಹೋಟೆಲ್‌ಗೆ ಫೋನ್ ಮಾಡಿ ಅವನ ಕೈಗೇ ಕೊಡಿ.

ಈ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಶಹಾಪುರದ ತಮ್ಮನ ಹೋಟೆಲ್ ನಂಬರೊಂದು ಬಿಟ್ಟು, ಉಳಿದವರೆಲ್ಲ ತಾವಾಗಿಯೇ ಬಂದು ಮಾತಾಡಿಸಿದವರೇ. ಹಾಗಾಗಿ ನನ್ನ ಸಲಹೆ ಒರಟು ಅನಿಸಿದರೂ ಸರಿ, ಬಂದವರನ್ನು ಬಿಟ್ಟು, ಕೂತವರ ಹತ್ತಿರ ನೀವೇ ಹೋಗಿ. ಕೋಣಾರ್ಕ್‌ನಲ್ಲಿ ಗೈಡ್ ಬೇಕಾದರೂ ಪುರಾತತ್ವ ಇಲಾಖೆಯ ಟಿಕೆಟ್ ಕೌಂಟರ್ ಹತ್ತಿರ ಗುರುತಿನ ಚೀಟಿ ನೋಡಿ ಮಾತಾಡಿ. ಕಲ್ಲಿನ ಚಕ್ರದ ಮೇಲೆ ಬೀಳುವ ನೆರಳು ನೋಡಿ ಗಂಟೆ ಎಷ್ಟು ಅಂತ ಹೇಳಿ ತೋರಿಸುತ್ತಾರೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಸೀರೆಗೆ ಸರ್ಕಾರಿ ಸಹಕಾರಿಯ ಬೊಯನಿಕಾ ಮಳಿಗೆಗೆ ಹೋಗಿ. ಹೊರಗೆ ಕೊಳ್ಳೋದಾದರೆ ಸೆರಗನ್ನು ತಿರುಗಿಸಿ ನೋಡಿ. ಸಂಬಲಪುರಿಯಲ್ಲಿ ನೂಲಿಗೇ ಗಂಟು ಕಟ್ಟಿ ಬಣ್ಣ ಹಾಕಿ ಆಮೇಲೆ ನೇಯುವುದರಿಂದ ಹಿಂದೆ ಮುಂದೆ ಎರಡೂ ಕಡೆ ಒಂದೇ ಬಣ್ಣ, ಚಿತ್ರದ ಅಂಚು ಸ್ವಲ್ಪ ಚದುರಿದಂತೆ ಇರುತ್ತೆ. ಹಿಂದಿನ ಮಗ್ಗುಲು ಮಂಕಾಗಿದ್ದು, ಅಂಚು ಗೆರೆ ಎಳೆದಷ್ಟು ನೀಟಾಗಿದ್ದರೆ ಅದು ಪ್ರಿಂಟ್.

ಪ್ರಶ್ನೆ: ಪುರಿ ಬೀಚ್‌ನಲ್ಲಿ ಕೈ ಹಿಡಿದು ಸಮುದ್ರ ಸ್ನಾನ ಮಾಡಿಸುವವರಿದ್ದಾರಂತೆ, ಅದೂ ಮೋಸವಾ?
– ಓದುಗರೊಬ್ಬರು, ಗುರುಮಠಕಲ್

ಉತ್ತರ: ಅಲ್ಲ. ಅವರು ನುಲಿಯಾಗಳು, ಅಲ್ಲಿನ ಮೀನುಗಾರರು. ಪುರಿಯ ಅಲೆ ಜೋರು, ಈಜು ಬಂದರೂ ಕಾಲಡಿಯ ಮರಳು ಎಳೆದುಬಿಡುತ್ತೆ, ಅವರು ಜೊತೆಗಿದ್ದರೆ ಒಳ್ಳೆಯದೇ. ನೀರಿಗೆ ಇಳಿಯುವ ಮುಂಚೆ ಒಬ್ಬರಿಗೆ ಎಷ್ಟು, ಎಷ್ಟು ಹೊತ್ತು ಅಂತ ಮಾತಾಡಿಕೊಳ್ಳಿ. ಅವರಲ್ಲಿ ಬಹಳ ಜನರ ಮನೆಮಾತು ತೆಲುಗು. ಗುರುಮಠಕಲ್‌ನವರಿಗೆ ತೆಲುಗು ಬರಲ್ಲ ಅಂದರೆ ಯಾರು ನಂಬುತ್ತಾರೆ, ತೆಲುಗಿನಲ್ಲೇ ಚೌಕಾಸಿ ಮಾಡಿ.