ದೇವಿ ನನ್ನವಳು ಅನಿಸಲು ಮಂತ್ರ ಬರಲೇಬೇಕಾ?

ಮಂತ್ರ ಬರುವುದಿಲ್ಲ, ದೀಕ್ಷೆ ಆಗಿಲ್ಲ, ದೀಪ ಹಚ್ಚಿ ಕೂತರೂ ಏನೂ ಅನಿಸುವುದಿಲ್ಲ, ದುರ್ಗೆಗೆ ಹತ್ತಿರವಾಗುವುದು ಹೇಗೆ ಎಂದು ಕೇಳಿದ್ದೀರಿ. ನನಗೂ ವರ್ಷಗಟ್ಟಲೆ ಹಾಗೇ ಇತ್ತು. ನಮ್ಮದು ಕಾಸರಗೋಡಿನ ಮುಳ್ಳೇರಿಯ ಕಡೆ. ಚಿಕ್ಕಂದಿನಲ್ಲಿ ನವರಾತ್ರಿಗೆ ಅಮ್ಮ ಮಲ್ಲದ ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ನನ್ನ ಕಣ್ಣೆಲ್ಲ ಪಾಯಸದ ಮೇಲೆ.

ಬದಲಾದದ್ದು ಹೂವಿನಿಂದ. ಬೆಳಿಗ್ಗೆ ಅಂಗಳದ ಕೇಪಳ ಹೂ ನಾನೇ ಕೊಯ್ಯಲು ಶುರು ಮಾಡಿದೆ. ಮಳೆಗಾಲದಲ್ಲಿ ಗೊಂಚಲು ಮುಟ್ಟಿದರೆ ತೋಳೆಲ್ಲ ಒದ್ದೆ, ಇರುವೆ ಬೇರೆ. 'ನೋಡಮ್ಮಾ, ನಿನ್ನಿಂದಾಗಿ ಕಚ್ಚಿಸಿಕೊಂಡೆ' ಎಂದು ಗೊಣಗಿದ್ದೇ ನನ್ನ ಮೊದಲ ಪ್ರಾರ್ಥನೆ ಇರಬೇಕು!

ದೇವಿಯ ಹೆಸರುಗಳ ಸ್ತೋತ್ರವಾದ ಲಲಿತಾ ಸಹಸ್ರನಾಮದ 1000 ಹೆಸರನ್ನೂ ಮೊದಲ ದಿನವೇ ಹಿಡಿದರೆ ಸುಸ್ತಾಗುತ್ತದೆ. ಅದರ ಮೊದಲ ಹೆಸರು 'ಶ್ರೀಮಾತಾ', ಅಂದರೆ ಅಮ್ಮ. ಒಂದು ವಾರ ಅದೊಂದೇ ಸಾಕು, ಅಲ್ವಾ? ಬೀಜಮಂತ್ರಗಳನ್ನು (ಹ್ರೀಂ, ಶ್ರೀಂ ತರಹದ ಒಂದಕ್ಷರದ ಮಂತ್ರಗಳು) ಮಾತ್ರ ಯೂಟ್ಯೂಬ್ ನೋಡಿ ಸುಮ್ನೆ ಜಪಿಸಬೇಡಿ, ಅದಕ್ಕೆ ಗುರು ಬೇಕು ಎನ್ನುತ್ತಾರೆ ಹಿರಿಯರು. ಹೆಸರು ಹೇಳಲು ಯಾರ ಅಪ್ಪಣೆಯೂ ಬೇಡ. ಸಂಜೆ ದೀಪದ ಮುಂದೆ ಆ ದಿನ ನಡೆದದ್ದನ್ನು ಕನ್ನಡದಲ್ಲೇ ಹೇಳಿ. ಸಿಟ್ಟಿದ್ದರೆ ಅದನ್ನೂ ಹೇಳಿ. ಏನೂ ಅನಿಸದ ದಿನಗಳೇ ಜಾಸ್ತಿ, ನನಗೆ ಈಗಲೂ.