ಓದುಗರ ಪ್ರಶ್ನೆ: ಗುವಾಂಗ್‌ಝೌನಲ್ಲಿ ಮೊದಲ ವಾರ

ಪ್ರಶ್ನೆ: ಮಗ ಓದಲು ಚೀನಾದ ಗುವಾಂಗ್‌ಝೌಗೆ ಹೊರಟಿದ್ದಾನೆ. ಅಲ್ಲಿ ಎಲ್ಲ ವ್ಯವಹಾರವೂ ಫೋನಿನಲ್ಲೇ ಅಂತೆ. ನಮ್ಮ ಯುಪಿಐ ನಡೆಯುತ್ತದೆಯೇ? ಇಲ್ಲಿಂದಲೇ ಏನೇನು ಸಿದ್ಧ ಮಾಡಿಕೊಳ್ಳಬೇಕು?
– ಓದುಗರು, ದಾವಣಗೆರೆ

ಉತ್ತರ: ಯುಪಿಐ ನೆಚ್ಚಿಕೊಂಡು ವಿಮಾನ ಹತ್ತುವುದು ಬೇಡ. ಅಲ್ಲಿ ತರಕಾರಿ ಅಂಗಡಿಯಿಂದ ಮೆಟ್ರೊವರೆಗೆ ನಡೆಯುವುದು ಅಲಿಪೇ ಎಂಬ ಪಾವತಿ ಆ್ಯಪ್ ಮತ್ತು ವೀಚಾಟ್ ಎಂಬ ಸಂದೇಶದ ಆ್ಯಪಿನೊಳಗಿನ ವೀಚಾಟ್ ಪೇ. ಎರಡಕ್ಕೂ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಬಹುದು. ಆದರೆ ಈ ಎರಡೂ ಆ್ಯಪ್‌ಗಳನ್ನು ನಮ್ಮ ಸರ್ಕಾರ 2020ರಲ್ಲಿ ನಿಷೇಧಿಸಿದೆ. ಇಲ್ಲಿನ ಪ್ಲೇಸ್ಟೋರಿನಲ್ಲಿ ಸಿಗುವುದಿಲ್ಲ. ಚೀನಾದಲ್ಲಿ ಗೂಗಲ್ಲಿಗೇ ತಡೆ, ಹಾಗಾಗಿ ಅಲ್ಲಿನ ಜಾಲದಲ್ಲಿ ಪ್ಲೇಸ್ಟೋರೇ ತೆರೆಯುವುದಿಲ್ಲ. ಆಂಡ್ರಾಯ್ಡ್ ಫೋನಾದರೆ ಅಲ್ಲಿಗೆ ಹೋದಮೇಲೆ ಆಯಾ ಕಂಪನಿಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಐಫೋನಾದರೆ ಆ್ಯಪ್‌ಸ್ಟೋರ್ ಖಾತೆಯ ದೇಶ ಬದಲಿಸಬೇಕಾಗುತ್ತದೆ. ಖಾತೆಯಲ್ಲಿ ಹಣ ಉಳಿದಿದ್ದರೆ ಅಥವಾ ಚಂದಾ ಚಾಲ್ತಿಯಲ್ಲಿದ್ದರೆ ಅದು ಬದಲಾಗುವುದಿಲ್ಲ, ಮೊದಲೇ ತೀರಿಸಿಕೊಳ್ಳಿ.

ಎಲ್ಲರೂ ಎಡವುವುದು ಸಿಮ್ ವಿಷಯದಲ್ಲಿ. ಭಾರತದ ಸಿಮ್ಮಿನ ರೋಮಿಂಗ್ ಡೇಟಾ ಸಾಮಾನ್ಯವಾಗಿ ನಮ್ಮ ಕಂಪನಿಯ ಜಾಲ ಸುತ್ತಿಯೇ ಬರುತ್ತದೆ. ಅದರಲ್ಲಿ ವಾಟ್ಸ್‌ಆ್ಯಪ್, ಜಿಮೇಲ್ ನಡೆಯುತ್ತವೆ, ಆದರೆ ಇಲ್ಲಿ ನಿಷೇಧವಾದ ಆ್ಯಪ್‌ಗಳು ಕೈಕೊಡಬಹುದು. ಚೀನೀ ಸಿಮ್ ಹಾಕಿದರೆ ಇದಕ್ಕೆ ತದ್ವಿರುದ್ಧ. ಅದಕ್ಕೇ ಎರಡು ಸಿಮ್ಮಿನ ಫೋನ್ ಇರಲಿ: ಚೀನೀ ಸಿಮ್ ಡೇಟಾಕ್ಕೆ, ನಮ್ಮದು ಬ್ಯಾಂಕಿನ ಒಟಿಪಿಗೆ. ಒಟಿಪಿ ಬರದಿದ್ದರೆ ಕಾರ್ಡ್ ಜೋಡಣೆ ಅರ್ಧಕ್ಕೇ ನಿಲ್ಲುತ್ತದೆ. ಕಾರ್ಡಿನಲ್ಲಿ ವಿದೇಶಿ ವಹಿವಾಟನ್ನು ಬ್ಯಾಂಕ್ ಆ್ಯಪಿನಿಂದ ತೆರೆದಿಟ್ಟುಕೊಳ್ಳುವುದನ್ನೂ ಮರೆಯಬಾರದು. ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ.

ಚೀನೀ ಸಿಮ್ಮಿಗೆ ಪಾಸ್‌ಪೋರ್ಟ್ ಬೇಕು, ಅಂಗಡಿಯಲ್ಲೇ ಮುಖದ ಫೋಟೊ ತೆಗೆಯುತ್ತಾರೆ. ಸಿಮ್ ಸಿಕ್ಕ ಕೂಡಲೇ ಮೊದಲು ಅಲಿಪೇ ಹಾಕಿಕೊಳ್ಳಲಿ. ವೀಚಾಟಿನಲ್ಲಿ ಹೊಸ ಖಾತೆಗೆ ಹಳೆಯ ಬಳಕೆದಾರರೊಬ್ಬರು ಕೋಡ್ ಸ್ಕ್ಯಾನ್ ಮಾಡಿ ಸಮ್ಮತಿಸಬೇಕೆಂದು ಕೇಳುವುದುಂಟು. ಆ ಕೆಲಸಕ್ಕೆ ಕಾಲೇಜಿನ ಸೀನಿಯರ್ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡಿರಲಿ. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ, ಅದೇ ಕ್ರಮದಲ್ಲಿ ತುಂಬಬೇಕು. ಸರ್‌ನೇಮ್ ಇಲ್ಲದೆ ಒಂದೇ ಹೆಸರಿರುವವರಿಗೆ ಇಲ್ಲಿ ಪರದಾಟ ಜಾಸ್ತಿ.

ವಿದೇಶಿ ಕಾರ್ಡಿನಲ್ಲಿ 200 ಯುವಾನ್‌ವರೆಗಿನ ಪಾವತಿಗೆ ಆ್ಯಪ್ ಶುಲ್ಕವಿಲ್ಲ, ಅದಕ್ಕಿಂತ ಹೆಚ್ಚಾದರೆ ಶೇ 3. ಬ್ಯಾಂಕಿನ ವಿನಿಮಯ ಶುಲ್ಕ ಬೇರೆ. ಇನ್ನೊಂದು ಮಾತು: ತಳ್ಳುಗಾಡಿಯವರು ಕೆಲವೊಮ್ಮೆ ಅಂಗಡಿಯ ಕೋಡ್ ಬದಲು ಸ್ವಂತ ಖಾತೆಯ ಕೋಡ್ ಅಂಟಿಸಿರುತ್ತಾರೆ. ವ್ಯಕ್ತಿಗಳ ಖಾತೆಗೆ ವಿದೇಶಿ ಕಾರ್ಡಿನಿಂದ ಹಣ ಹೋಗದಿರಬಹುದು. ಅಂಥ ಕಡೆಗೆಂದು ಐದು, ಹತ್ತು, ಇಪ್ಪತ್ತರ ನೋಟುಗಳಲ್ಲಿ ಒಂದೈನೂರು ಯುವಾನ್ ಕಿಸೆಯಲ್ಲಿರಲಿ. ನೋಟನ್ನು ನಿರಾಕರಿಸುವಂತಿಲ್ಲ ಎಂಬುದು ಅಲ್ಲಿನ ಕಾನೂನು, ಆದರೆ ನೂರರ ನೋಟು ಕೊಟ್ಟರೆ ಚಿಲ್ಲರೆ ಎಲ್ಲಿಂದ ತಂದಾರು?

ಪ್ರಶ್ನೆ: ಮೊದಲ ಎರಡು ದಿನ ಹೋಟೆಲಿನಲ್ಲಿದ್ದು ಆಮೇಲೆ ಬಾಡಿಗೆ ಮನೆಗೆ ಹೋಗುತ್ತೇನೆ. ವಿದೇಶಿಯರು ತಂಗುವ ಜಾಗದ ಪೊಲೀಸ್ ನೋಂದಣಿ ಹೋಟೆಲಿನವರೇ ಮಾಡುತ್ತಾರಲ್ಲ, ಸಾಕಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಸಾಲದು. ಹೋಟೆಲಿನ ನೋಂದಣಿ ಹೋಟೆಲಿಗಷ್ಟೇ. ಮನೆ ಸೇರಿದ 24 ಗಂಟೆಯೊಳಗೆ ಆ ಬಡಾವಣೆಯ ಪೊಲೀಸ್ ಠಾಣೆಯಲ್ಲಿ ಮತ್ತೆ ನೋಂದಾಯಿಸಬೇಕು. ತಪ್ಪಿದರೆ ಎಚ್ಚರಿಕೆ ಕೊಡುತ್ತಾರೆ, 2,000 ಯುವಾನ್‌ವರೆಗೆ ದಂಡವನ್ನೂ ಹಾಕಬಹುದು. ಪಾಸ್‌ಪೋರ್ಟ್, ವೀಸಾ ಪುಟ, ಪ್ರವೇಶದ ಮುದ್ರೆಯ ಪುಟ, ಬಾಡಿಗೆ ಕರಾರು, ಮನೆ ಮಾಲೀಕರ ಗುರುತಿನ ಚೀಟಿಯ ಪ್ರತಿ – ಇಷ್ಟು ಒಯ್ಯಿರಿ. ಮಾಲೀಕರ ಪ್ರತಿ ಇಲ್ಲದೆ ವಾಪಸ್ ಬರುವವರೇ ಹೆಚ್ಚು. ಮುಂಗಡ ಕೊಡುವ ಮೊದಲೇ ಕೇಳಿ ಇಟ್ಟುಕೊಳ್ಳಿ. ಠಾಣೆಯಲ್ಲಿ ಕೊಡುವ ಚೀಟಿ ಜೋಪಾನ. ನಿಮ್ಮದು ವಾಸದ ಪರವಾನಗಿ ಪಡೆಯಬೇಕಾದ ವೀಸಾ ಆಗಿದ್ದರೆ ದೇಶ ಪ್ರವೇಶಿಸಿದ 30 ದಿನದೊಳಗೆ ಅರ್ಜಿ ಹಾಕಬೇಕು, ಅಲ್ಲಿ ಈ ಚೀಟಿ ಕೇಳುತ್ತಾರೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಬದುಕಲು ಆಗುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಆಗುತ್ತದೆ, ಆದರೆ ‘ಮಾಂಸ ಬೇಡ’ ಅಂದರೆ ಸಾಲದು. ಹಾಗಂದರೆ ಅಡುಗೆಯವರು ಕಣ್ಣಿಗೆ ಕಾಣುವ ತುಂಡುಗಳನ್ನಷ್ಟೇ ಬಿಡುತ್ತಾರೆ. ಸಾರು ಕೋಳಿಯದೋ ಮೂಳೆಯದೋ ಆಗಿರುತ್ತದೆ. ಸೊಪ್ಪಿನ ಪಲ್ಯದ ಮೇಲೆ ಆಯ್ಸ್ಟರ್ (ಸಿಂಪಿ) ಸಾಸ್, ಹುರಿದ ಹುರುಳಿಕಾಯಿಯಲ್ಲಿ ಹಂದಿಮಾಂಸದ ಪುಡಿ, ಮಾಪೊ ತೋಫು ಎಂಬ ಸೋಯಾ ಪನೀರಿನ ಖಾದ್ಯದಲ್ಲೂ ಅದೇ. ಮಾಂಸ, ಮೀನು, ಒಣಸೀಗಡಿ, ಮಾಂಸದ ಸಾರು, ಹಂದಿಕೊಬ್ಬು, ಆಯ್ಸ್ಟರ್ ಸಾಸ್, ಮೊಟ್ಟೆ – ಒಂದೊಂದರ ಹೆಸರನ್ನೂ ಚೀನೀ ಲಿಪಿಯಲ್ಲಿ ಬರೆಸಿ ಚಿತ್ರವಾಗಿ ಫೋನಿನಲ್ಲಿಟ್ಟು ತೋರಿಸಿ. ಬಾಯಲ್ಲಿ ಹೇಳಿದರೆ ಸ್ವರ ತಪ್ಪಿ ಅರ್ಥವೇ ಆಗದೆ ಹೋಗಬಹುದು.

ನೆಮ್ಮದಿಯ ಊಟಕ್ಕೆ ಬೌದ್ಧ ದೇಗುಲಗಳ ಸುತ್ತಲಿನ ಸಸ್ಯಾಹಾರಿ ಹೋಟೆಲುಗಳಿವೆ. ಬೀಜಿಂಗ್ ರಸ್ತೆ ಪಕ್ಕದ ದಾಫೊ ದೇಗುಲದ ಬಳಿ ಒಂದು ಹೆಸರುವಾಸಿ. ಮೆಟ್ರೊದಲ್ಲಿ ಗೊಂಗ್‌ಯುವಾನ್‌ಛ್ಯೆನ್‌ನಲ್ಲಿ ಇಳಿಯಿರಿ. ಬೌದ್ಧ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಮಾಂಸದ ರೂಪದಲ್ಲೇ ಮಾಡಿದ ಸೋಯಾ, ಗೋಧಿ ಪದಾರ್ಥಗಳನ್ನು ಕಂಡು ಗಾಬರಿಯಾಗಬೇಡಿ.

ಬೆಳಗಿನ ತಿಂಡಿಗೆ ಚಾಂಗ್‌ಫೆನ್ ನೋಡಿ. ಅಕ್ಕಿ ಹಿಟ್ಟಿನ ತೆಳು ಸಂಪಣವನ್ನು ತಟ್ಟೆಗೆ ಹೊಯ್ದು, ಗೂಡಿನಂಥ ಪೆಟ್ಟಿಗೆಯಲ್ಲಿ ಒಂದೆರಡು ನಿಮಿಷ ಹಬೆಗಿಟ್ಟು, ಚಪ್ಪಟೆ ಸಟ್ಟುಗದಿಂದ ಕೆರೆದು ಸುತ್ತಿಕೊಡುತ್ತಾರೆ. ನಮ್ಮ ನೀರುದೋಸೆಯ ಹದ. ಹಿಟ್ಟು ಹೊಯ್ದ ಮರುಕ್ಷಣವೇ ಮೊಟ್ಟೆ ಒಡೆದು ಹಾಕುವ ಅಭ್ಯಾಸ ಅವರದು, ಆದ್ದರಿಂದ ಹೊಯ್ಯುವ ಮೊದಲೇ ಫೋನ್ ತೋರಿಸಿ. ಏನೂ ತುಂಬದ್ದಕ್ಕೆ ಝಾಯ್‌ಚಾಂಗ್ ಎನ್ನುತ್ತಾರೆ.

ಮನೆಯಲ್ಲೇ ಅಡುಗೆಯಾದರೆ ಹೆಸರುಕಾಳು, ಕಡಲೆಕಾಯಿ, ಶುಂಠಿ, ಕೊತ್ತಂಬರಿ, ಬೆಂಡೆ ಎಲ್ಲ ಸಿಗುತ್ತವೆ. ಮಾರುಕಟ್ಟೆಯ ಹಲಗೆಯಲ್ಲಿ ಬರೆದ ದರ ಸಾಮಾನ್ಯವಾಗಿ ಒಂದು ‘ಜಿನ್’ಗೆ, ಅಂದರೆ 500 ಗ್ರಾಂಗೆ, ಕಿಲೋ ಎಂದು ತಿಳಿದು ಅಗ್ಗವಾಯಿತೆಂದು ಹಿಗ್ಗಬೇಡಿ. ಮೊಸರು ಹೆಚ್ಚಾಗಿ ಸಿಹಿಯದೇ, ಸಕ್ಕರೆ ಇಲ್ಲದ್ದನ್ನು ಕೇಳಿ ಕೊಳ್ಳಿ. ಊರಿನಿಂದ ತುಪ್ಪ, ಬೆಣ್ಣೆ, ಹಸಿ ಹಣ್ಣು, ಕರಿಬೇವು ಒಯ್ಯಬೇಡಿ, ಕಸ್ಟಮ್ಸ್‌ನವರು ಕಿತ್ತುಕೊಳ್ಳುತ್ತಾರೆ. ಗಸಗಸೆಯಂತೂ ಬೇಡವೇ ಬೇಡ.

ಪ್ರಶ್ನೆ: ಓಡಾಟಕ್ಕೆ ಗೂಗಲ್ ಮ್ಯಾಪ್ ಸಾಕೇ?
– ಓದುಗರು, ಮಂಗಳೂರು

ಉತ್ತರ: ರೋಮಿಂಗಿನಲ್ಲಿ ತೆರೆದರೂ ನಂಬಬೇಡಿ. ಚೀನಾದ ನಕ್ಷೆಗಳಿಗೆ ಬೇರೆಯದೇ ನಿರ್ದೇಶಾಂಕ ಪದ್ಧತಿ ಇರುವುದರಿಂದ ನೀವು ನಿಂತ ಜಾಗ ನೂರಾರು ಮೀಟರ್ ಆಚೆ ತೋರುವುದುಂಟು. ಅಲ್ಲಿನವರು ಬಳಸುವ ಅಮ್ಯಾಪ್ ಹಾಕಿಕೊಳ್ಳಿ. ಮೆಟ್ರೊ ನಿಲ್ದಾಣದ ಹೆಸರಿನ ಜೊತೆಗೆ ಯಾವ ದ್ವಾರ ಎಂಬುದನ್ನೂ ಗುರುತಿಟ್ಟುಕೊಳ್ಳಿ. ತಪ್ಪು ದ್ವಾರದಿಂದ ಹೊರಬಿದ್ದರೆ ಎಂಟು ಪಥದ ರಸ್ತೆಯ ಆಚೆಗೆ ಬಂದಿರುತ್ತೀರಿ. ಒಳಹೋಗುವಾಗ ಚೀಲ ತಪಾಸಣೆ ಉಂಟು. ದೀದಿ ಎಂಬ ಆ್ಯಪಿನ ಟ್ಯಾಕ್ಸಿ ಹತ್ತಿದೊಡನೆ ಚಾಲಕ ಕೇಳುವುದು ನಿಮ್ಮ ಫೋನ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಒಟಿಪಿಯಲ್ಲ.

ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ, ಅಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ. ಸದ್ದಿಲ್ಲದ ಎಲೆಕ್ಟ್ರಿಕ್ ಸ್ಕೂಟರ್‌ಗಳು ಮಾತ್ರ ಯಾವ ಕಡೆಯಿಂದಲಾದರೂ ಬಂದಾವು, ಫುಟ್‌ಪಾತಿನ ಮೇಲೂ.