ಪಟ್ಟೆ ಗಿಟಾರಿನ ಮುಂದಿನ ಪಿಕಪ್ ಕೆಟ್ಟಿರಲಿಕ್ಕಿಲ್ಲ

ನಿಮ್ಮ ಎಲೆಕ್ಟ್ರಿಕ್ ಗಿಟಾರಿಗೆ ಕೆಂಪು ಮೈ, ಕಪ್ಪು-ಬಿಳಿ ಪಟ್ಟೆ, ನೆಕ್ (ಕತ್ತು) ಕಡೆಯ, ಅಂದ್ರೆ ಮುಂದಿನ ಪಿಕಪ್‌ನಿಂದ (ತಂತಿಯ ಕಂಪನ ಹಿಡಿಯೋ ಭಾಗ) ಸದ್ದೇ ಇಲ್ಲ ಅಂದಿದ್ದೀರಿ. ಬಹುಶಃ ಅದು ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ತಾನೇ ಜೋಡಿಸಿಕೊಂಡಿದ್ದ ಗಿಟಾರಿನ ನಕಲು. ಅವನದರಲ್ಲೂ ಬ್ರಿಜ್ (ಮೈ ಮೇಲೆ ತಂತಿ ಕೂರುವ ಜಾಗ) ಕಡೆಯ ಪಿಕಪ್ ಒಂದೇ ಕೆಲಸ ಮಾಡುತ್ತಿತ್ತು, ಮುಂದಿನ ಪಿಕಪ್ಪು, ನಡುವಿನ ಸ್ವಿಚ್ಚು ಎರಡೂ ಸುಮ್ನೆ ಕೂತಿದ್ದವು, 'ಟೋನ್' ಅಂತ ಬರೆದ ನಾಬ್ ನಿಜಕ್ಕೂ ವಾಲ್ಯೂಮ್! 2007ರಲ್ಲಿ ಫೆಂಡರ್ ಗಿಟಾರ್ ಕಂಪನಿ ಅದರ 300 ನಕಲು ಮಾಡಿದಾಗ ಸಿಗರೇಟಿನ ಸುಟ್ಟ ಕಲೆಯನ್ನೂ ಬಿಡಲಿಲ್ಲ.

ಮೊದಲು ಗಿಟಾರನ್ನು ಆಂಪ್‌ಗೆ (ಸದ್ದು ದೊಡ್ಡದು ಮಾಡೋ ಆಂಪ್ಲಿಫೈಯರ್) ಹಚ್ಚಿ, ಸ್ಕ್ರೂಡ್ರೈವರ್‌ನಿಂದ ಎರಡೂ ಪಿಕಪ್ ಮೆಲ್ಲಗೆ ತಟ್ಟಿ. ಬ್ರಿಜ್ ಕಡೆಯದು ಟಕ್ ಅನ್ನಬೇಕು. ಆಮೇಲೆ ಕೇಬಲ್ ಕಿತ್ತು ಒಳಗೆ ನೋಡಿ. ಮುಂದಿನ ಪಿಕಪ್‌ನ ವೈರ್ ಎಲ್ಲಿಗೂ ಹೋಗದಿದ್ದರೆ ಹಾಗೇ ಬಿಡಿ. ಅಗ್ಗದ ನಕಲಾದರೆ ಒಳಗಿನ ವೈರಿಂಗ್ ಬೇರೆ ಇರಬಹುದು, ಬೆಸುಗೆ ಬಿಟ್ಟ ಗುರುತು ಕಂಡರೆ ಅದನ್ನಷ್ಟೇ ನಿಮ್ಮ ಊರು ಕಲಬುರಗಿಯಲ್ಲೇ ಹಾಕಿಸಿ. ಹೊಸ ಪಿಕಪ್‌ಗೆ ಈಗಲೇ ದುಡ್ಡು ಕೊಡಬೇಡಿ.